ಹಳೆಯ ಲ್ಯಾಪ್‌ಟಾಪ್‌ಗೆ ಹಗುರ ಬ್ರೌಸರ್: ಎಲ್ಲಿ ಸರಿ, ಎಲ್ಲಿ ಬೇಡ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಸಂಜೆಯಾದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಇವತ್ತು ಚಾಲಿ ಎಷ್ಟಾಯಿತು, ರಾಶಿ ಎಷ್ಟಾಯಿತು? ಮೊದಲು ಇದಕ್ಕೆ ಮರುದಿನದ ಪತ್ರಿಕೆ ಬರುವವರೆಗೆ ಕಾಯಬೇಕಿತ್ತು. ಈಗ ಮಾರುಕಟ್ಟೆ ಧಾರಣೆ ಅಂತರಜಾಲದಲ್ಲೇ ಸಿಗುತ್ತದೆ. ಫೋನಿನಲ್ಲಿ ನೋಡುವವರೇ ಹೆಚ್ಚು, ನಿಜ. ಆದರೆ ಸಣ್ಣ ಅಕ್ಷರ ಓದಲು ಕಷ್ಟಪಡುವ ಹಿರಿಯರಿಗೆ ಮಗನೋ ಮಗಳೋ ಕಾಲೇಜಿನ ದಿನಗಳಲ್ಲಿ ಬಳಸಿ ಬಿಟ್ಟುಹೋದ ಲ್ಯಾಪ್‌ಟಾಪ್‌ನ ದೊಡ್ಡ ಪರದೆಯೇ ಅನುಕೂಲ. ತೊಂದರೆ ಏನೆಂದರೆ, ಆ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಮುಗಿದಿರುತ್ತದೆ. ರಿಪೇರಿಗೆ ಒಯ್ದರೆ "ಇದರ ಕತೆ ಮುಗೀತು, ಹೊಸದು ತಗೊಳ್ಳಿ" ಎಂಬ ಉತ್ತರ. ಹೊಸದು ಎಂದರೆ ಹತ್ತಿರ ಹತ್ತಿರ ಒಂದು ಕ್ವಿಂಟಲ್ ಅಡಿಕೆಯ ದುಡ್ಡು!

ನಿಜಕ್ಕೂ ಅದರ ಕತೆ ಮುಗಿದಿದೆಯೇ? ಯಂತ್ರ ಹಳೆಯದಾದಂತೆ ತಾನಾಗಿಯೇ ನಿಧಾನವಾಗುತ್ತದೆ ಎನ್ನುವುದು ತುಂಬ ಜನರ ನಂಬಿಕೆ. ಸೈಕಲ್ಲಿನ ಚೈನು ಸವೆದಂತೆ ಪ್ರೊಸೆಸರ್ ಸವೆಯುವುದಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟಿರಬಹುದು, ಒಳಗೆ ಧೂಳು ತುಂಬಿ ಬಿಸಿಯಾಗುತ್ತಿರಬಹುದು, ಅದು ಬೇರೆ ಮಾತು. ಅಂಥ ದೋಷ ಇಲ್ಲವಾದರೆ ಹತ್ತು ವರ್ಷದ ಹಿಂದೆ ಎಷ್ಟು ಕೆಲಸ ಮಾಡುತ್ತಿತ್ತೋ ಇವತ್ತೂ ಅಷ್ಟೇ ಮಾಡುತ್ತದೆ. ಬದಲಾಗಿರುವುದು ನಾವು ಅದರ ಮೇಲೆ ಹೊರಿಸುವ ಹೊರೆ.

ಹೊರೆ ಎಷ್ಟು ಎನ್ನುವುದಕ್ಕೆ ಧಾರಣೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಯುನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಜಾಲತಾಣಗಳು ಕಳಿಸುವ ರೀತಿಯಲ್ಲಿ ಪ್ರತಿಯೊಂದು ಚಿಹ್ನೆಗೆ 3 ಬೈಟ್ ಬೇಕು. 'ಕೆಂಪುಗೋಟು' ಎಂಬ ಪದದಲ್ಲಿ ಅಕ್ಷರ, ಸ್ವರಚಿಹ್ನೆ, ಸೊನ್ನೆ ಎಲ್ಲ ಸೇರಿ 9 ಚಿಹ್ನೆಗಳು, ಅಂದರೆ 27 ಬೈಟ್. ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಏಳು ಬಗೆ. ಮೂರು ಮಾರುಕಟ್ಟೆಗೂ ಬರೆದು, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ದರ ಸೇರಿಸಿದರೂ ಇಡೀ ಪಟ್ಟಿ ಎರಡು-ಮೂರು ಕೆಬಿಯಲ್ಲಿ ಮುಗಿಯುತ್ತದೆ. ಇನ್ನು ಇವತ್ತಿನ ಜಾಲಪುಟಗಳು ಹೇಗಿವೆ? ಜಗತ್ತಿನ ಲಕ್ಷಾಂತರ ಪುಟಗಳನ್ನು ತೂಗಿ ನೋಡುವ ಎಚ್‌ಟಿಟಿಪಿ ಆರ್ಕೈವ್‌ನ 2024ರ ಲೆಕ್ಕದಂತೆ, ಕಂಪ್ಯೂಟರಿನಲ್ಲಿ ತೆರೆಯುವ ಮುಖಪುಟವೊಂದರ ಮಧ್ಯಮ ತೂಕ ಎರಡೂವರೆ ಎಂಬಿಗಿಂತ ತುಸು ಹೆಚ್ಚು. ಬೇಕಾದ ಮಾಹಿತಿಯ ಸುಮಾರು ಸಾವಿರ ಪಟ್ಟು! ಮಳೆಗಾಲದಲ್ಲಿ ಸಿಗ್ನಲ್ ಕುಂಟಿ ಸೆಕೆಂಡಿಗೆ 512 ಕಿಲೋಬಿಟ್ ವೇಗಕ್ಕೆ ಇಳಿದಿದೆ ಎಂದುಕೊಳ್ಳಿ. ಬರಿಯ ಪಟ್ಟಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಎರಡೂವರೆ ಎಂಬಿಯ ಪುಟಕ್ಕೆ 40 ಸೆಕೆಂಡು ಬೇಕು.

ಉಳಿದದ್ದೆಲ್ಲ ಏನು? ಚಿತ್ರಗಳು, ಜಾಹೀರಾತುಗಳು, ಫಾಂಟುಗಳು, ನೀವು ಯಾವ ಪುಟ ನೋಡಿದಿರಿ ಎಂದು ಲೆಕ್ಕ ಇಡುವ ಕಾರ್ಯಕ್ರಮಗಳು. ಇವುಗಳಲ್ಲಿ ಹಳೆಯ ಯಂತ್ರವನ್ನು ಹೆಚ್ಚು ಬಳಲಿಸುವುದು ಜಾವಾಸ್ಕ್ರಿಪ್ಟ್. ಚಿತ್ರವನ್ನು ಒಮ್ಮೆ ತೋರಿಸಿದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಜಾವಾಸ್ಕ್ರಿಪ್ಟ್ ಹಾಗಲ್ಲ. ಅದು ನಿಮ್ಮ ಯಂತ್ರದಲ್ಲಿ ಓಡುವ ಕಾರ್ಯಕ್ರಮ. ಬ್ರೌಸರ್ ಅದನ್ನು ಓದಬೇಕು, ಯಂತ್ರಕ್ಕೆ ಅರ್ಥವಾಗುವ ಭಾಷೆಗೆ ಬದಲಿಸಬೇಕು, ಪುಟ ತೆರೆದಿರುವವರೆಗೂ ಓಡಿಸುತ್ತಿರಬೇಕು. ಇದಕ್ಕೆಲ್ಲ ರ‍್ಯಾಮ್ ಬೇಕು. 2 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಅದು ಬೇಗ ಭರ್ತಿಯಾಗುತ್ತದೆ. ಆಗ ಕಂಪ್ಯೂಟರ್ ಸ್ವಲ್ಪ ಭಾಗವನ್ನು ಹಾರ್ಡ್‌ಡಿಸ್ಕ್‌ಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ಬೇಕಾದಾಗ ವಾಪಸು ತರುತ್ತದೆ. ಅಟ್ಟಕ್ಕೆ ಹತ್ತಿ ಇಳಿದಂತೆ. ಹಾರ್ಡ್‌ಡಿಸ್ಕ್‌ನ ದೀಪ ಒಂದೇ ಸಮ ಮಿನುಗುತ್ತ ಮೌಸ್ ಕೂಡ ಅಲ್ಲಾಡದೆ ನಿಲ್ಲುವುದು ಈ ಹತ್ತಿ ಇಳಿಯುವ ಹೊತ್ತಿನಲ್ಲೇ.

ಹಾಗಾದರೆ ದೊಡ್ಡ ಬ್ರೌಸರ್‌ಗಳು ಬರೀ ಹೊಟ್ಟೆಬಾಕಗಳೇ? ಹಾಗೆನ್ನುವುದು ನ್ಯಾಯವಲ್ಲ. 2018ರಲ್ಲಿ ಪ್ರೊಸೆಸರ್‌ಗಳಲ್ಲಿ 'ಸ್ಪೆಕ್ಟರ್' ಎಂಬ ದೋಷ ಬೆಳಕಿಗೆ ಬಂತು. ಒಂದು ಜಾಲತಾಣದ ಕಾರ್ಯಕ್ರಮ ಪಕ್ಕದ ಜಾಲತಾಣದ ಮಾಹಿತಿಯನ್ನು ಇಣುಕಿ ನೋಡುವ ಸಾಧ್ಯತೆ ಅದರಿಂದ ಉಂಟಾಯಿತು. ಅದೇ ವರ್ಷ ಕ್ರೋಮ್ ಪ್ರತಿಯೊಂದು ತಾಣವನ್ನೂ ಬೇರೆ ಬೇರೆ ಪ್ರಕ್ರಿಯೆಯಲ್ಲಿ ಓಡಿಸಲು ಶುರುಮಾಡಿತು. ಇದರಿಂದ ಸ್ಮರಣೆಯ ಬಳಕೆ ಶೇ. 10ರಿಂದ 13ರಷ್ಟು ಹೆಚ್ಚುತ್ತದೆ ಎಂದು ಗೂಗಲ್ ಆಗಲೇ ಹೇಳಿತ್ತು. ಅಂದರೆ ನಿಮ್ಮ ರ‍್ಯಾಮ್‌ನ ಒಂದಷ್ಟು ಪಾಲು ಬೇಲಿ ಕಟ್ಟುವುದಕ್ಕೆ ಖರ್ಚಾಗುತ್ತಿದೆ. ಈ ಬೇಲಿಯ ಮಾತು ನೆನಪಿರಲಿ, ಬ್ಯಾಂಕಿನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಈಗ 'ಹಗುರ ಬ್ರೌಸರ್' ಎಂದರೇನು ಎಂದು ನೋಡೋಣ. ಈ ಹೆಸರಿನಲ್ಲಿ ಎರಡು ಜಾತಿಗಳಿವೆ, ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ನಿರಾಸೆ ಶುರುವಾಗುತ್ತದೆ. ಮೊದಲನೆಯ ಜಾತಿಯಲ್ಲಿ ಹೊರಗಿನ ಅಂಗಿ ಚಿಕ್ಕದು, ಒಳಗಿನ ಎಂಜಿನ್ ದೊಡ್ಡದೇ. ಕೆಡಿಇ ಯೋಜನೆಯ ಫಾಲ್ಕನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಕಪ್‌ಜಿಲ್ಲಾ ಎಂಬ ಹೆಸರಿದ್ದ ಇದು ಮುಕ್ತ ತಂತ್ರಾಂಶ, ಜಾಹೀರಾತು ತಡೆಯುವ ಸೌಲಭ್ಯ ಜೊತೆಗೇ ಬರುತ್ತದೆ, ನೋಡಲೂ ಚೊಕ್ಕ. ಆದರೆ ಪುಟವನ್ನು ಕಟ್ಟುವ ಎಂಜಿನ್ ಕ್ರೋಮಿಯಂನಿಂದ ಬಂದದ್ದು. ಭಾರದ ಪುಟ ತೆರೆದರೆ ಭಾರವೇ.

ಎರಡನೆಯ ಜಾತಿ ನಿಜವಾಗಿ ಹಗುರ: ಎಂಜಿನ್ನೇ ಬೇರೆ. 2002ರಲ್ಲಿ ಬ್ರಿಟನ್ ಮೂಲದ ರಿಸ್ಕ್ ಓಎಸ್ ಎಂಬ ವ್ಯವಸ್ಥೆಗಾಗಿ ಶುರುವಾದ ನೆಟ್‌ಸರ್ಫ್ ಈ ಜಾತಿಯದು. ಸಿ ಭಾಷೆಯಲ್ಲಿ ಬರೆದದ್ದು, ಮೂಲಸಂಕೇತ ಎಲ್ಲರಿಗೂ ಮುಕ್ತ. 16 ಎಂಬಿ ರ‍್ಯಾಮ್ ಇರುವ ಹಳೇ ಕಾಲದ ಯಂತ್ರದಲ್ಲೂ ಓಡುತ್ತದೆ ಎನ್ನುವುದು ಅದರ ತಯಾರಕರ ಹೆಮ್ಮೆ. ನಮ್ಮ 2 ಜಿಬಿ ಲ್ಯಾಪ್‌ಟಾಪ್ ಅದರ ಎದುರು ಅರಮನೆ! ಇದು ಹಗುರವಾಗಿರುವುದು ಯಾವ ಮಾಯದಿಂದಲೂ ಅಲ್ಲ, ಕೆಲವು ಕೆಲಸಗಳನ್ನು ಮಾಡದೇ ಬಿಡುವುದರಿಂದ. ಜಾವಾಸ್ಕ್ರಿಪ್ಟ್ ಅನ್ನು ಸ್ವಲ್ಪ ಮಾತ್ರ ನಡೆಸುತ್ತದೆ.

ಇಂಗ್ಲಿಷಿನಲ್ಲಿ ಹಗುರ ಬ್ರೌಸರ್‌ಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುವ ಒಂದು ವಿಷಯ ನಮಗೆ ಮುಖ್ಯ: ಕನ್ನಡ ಸರಿಯಾಗಿ ಕಾಣುತ್ತದೆಯೇ? 'ಬೆಟ್ಟೆ' ಎಂಬ ಪದ ಕಂಪ್ಯೂಟರಿನಲ್ಲಿ ಬ, ಎತ್ವ, ಟ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಟ, ಎತ್ವ ಎಂದು ಸಾಲಾಗಿ ಕೂತಿರುತ್ತದೆ. ಎರಡನೆಯ ಟ ಕಾರವನ್ನು ಒತ್ತಾಗಿಸಿ ಕೆಳಗೆ ಕೂರಿಸುವುದು ಪಠ್ಯ ಜೋಡಿಸುವ ತಂತ್ರಾಂಶದ ಕೆಲಸ. ಡಿಲ್ಲೊ ಎಂಬ ಇನ್ನೊಂದು ಹಳೆಯ ಹಗುರ ಬ್ರೌಸರ್ ಇದೆ, ನೆಟ್‌ಸರ್ಫ್‌ಗಿಂತಲೂ ಚುರುಕು. ಆದರೆ ಅದು ನೆಚ್ಚಿಕೊಂಡು ಬಂದ ಪರದೆ ಕಟ್ಟುವ ವ್ಯವಸ್ಥೆಗೆ ಬಹುಕಾಲ ಈ ವಿದ್ಯೆ ಬರುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತಿದ್ದವು. ನೆಟ್‌ಸರ್ಫ್‌ನ ಲಿನಕ್ಸ್ ಆವೃತ್ತಿ ಇದಕ್ಕೆ ಪ್ಯಾಂಗೊ ಎಂಬ ತಂತ್ರಾಂಶವನ್ನು ಬಳಸುತ್ತದೆ, ಅದಕ್ಕೆ ಭಾರತೀಯ ಲಿಪಿಗಳ ಒತ್ತು-ಗುಣಿತಗಳೆಲ್ಲ ಗೊತ್ತು. ಕನ್ನಡ ಓದುವವರಿಗೆ ನಾವು ನೆಟ್‌ಸರ್ಫ್ ಅನ್ನೇ ಹೇಳುವುದು ಈ ಕಾರಣಕ್ಕೆ.

ಹಾಕಿಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನಲ್ಲಿ ಏನಿದೆ ನೋಡಿ. ವಿಂಡೋಸ್ 7 ಇದ್ದರೆ ಅದಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಕ್ರೋಮ್ ಕೂಡ 2023ರ ಫೆಬ್ರವರಿಯಿಂದ ಅದಕ್ಕೆ ಹೊಸ ಆವೃತ್ತಿ ಕೊಡುತ್ತಿಲ್ಲ. ಇಂಥ ಯಂತ್ರದಲ್ಲಿ ಬ್ರೌಸರ್ ಮಾತ್ರ ಬದಲಿಸುವುದೆಂದರೆ ಮಾಡು ಸೋರುವಾಗ ಬಾಗಿಲಿಗೆ ಬಣ್ಣ ಹೊಡೆದಂತೆ. ಲಿನಕ್ಸ್ ಹಾಕುವುದು ಒಳಿತು, ಅದಕ್ಕೆ ದುಡ್ಡಿಲ್ಲ. ಆಂಟಿಎಕ್ಸ್ ಎಂಬ ಲಿನಕ್ಸ್ ಆವೃತ್ತಿ 512 ಎಂಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ಬೇಕು, 4 ಇದ್ದರೆ ಆರಾಮ. ಪೆನ್‌ಡ್ರೈವ್‌ನಿಂದಲೇ ನಡೆಸಿ, ವೈಫೈ, ಸೌಂಡು ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡ ಮೇಲೆ ಹಾಕುವ ಅವಕಾಶ ಎರಡರಲ್ಲೂ ಇದೆ.

ಹಾರ್ಡ್‌ಡಿಸ್ಕ್ ಮುಟ್ಟುವ ಮೊದಲು ಫೋಟೋ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಬದಲಿಸಿಡಿ. ಇಲ್ಲದಿದ್ದರೆ ಆಮೇಲೆ ಆ ಫಾಂಟು ಹುಡುಕುತ್ತ ಕೂರಬೇಕಾಗುತ್ತದೆ.

ಇನ್ನು ನೆಟ್‌ಸರ್ಫ್ ಹಾಕುವುದು. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಲಿನಕ್ಸ್‌ಗಳಲ್ಲಿ ಸಿನಾಪ್ಟಿಕ್ ಅಥವಾ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ನೆಟ್‌ಸರ್ಫ್ ಎಂದು ಹುಡುಕಿ. ಹೆಸರಿನ ಕೊನೆಯಲ್ಲಿ ಜಿಟಿಕೆ ಎಂದಿರುವುದನ್ನು ಆರಿಸಿ. ಎಫ್‌ಬಿ ಎಂದು ಕೊನೆಯಾಗುವುದು ಬೇಡ, ಅದಕ್ಕೆ ಕನ್ನಡದ ಒತ್ತಕ್ಷರ ಬರುವುದಿಲ್ಲ. ಜೊತೆಗೆ ಕನ್ನಡ ಫಾಂಟುಗಳ ಕಟ್ಟನ್ನೂ ಹಾಕಿಕೊಳ್ಳಿ, ಅದರಲ್ಲಿ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳಿವೆ. ಕನ್ನಡದಲ್ಲಿ ಟೈಪ್ ಮಾಡಬೇಕೆಂದರೆ ಕೀಬೋರ್ಡ್ ಆಯ್ಕೆಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ನುಡಿ ರೂಢಿಯಿದ್ದವರ ಕೈಗೆ ಅದು ಹೊಸದೇನಲ್ಲ.

ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಮೂರು ಕೆಲಸ ಮಾಡಿ. ಧಾರಣೆ ನೋಡುವ ಪುಟವನ್ನೇ ಹೋಮ್ ಪೇಜ್ ಮಾಡಿ. ಜಾವಾಸ್ಕ್ರಿಪ್ಟ್ ನಿಲ್ಲಿಸಿ. ಸಿಗ್ನಲ್ ತೀರಾ ಕಡಿಮೆಯಿರುವ ದಿನಗಳಲ್ಲಿ ಚಿತ್ರಗಳನ್ನೂ ನಿಲ್ಲಿಸಿ. ಹಗುರ ಬ್ರೌಸರ್ ಹಾಕಿದರೆ ನೆಟ್ ವೇಗವಾಗುತ್ತದೆ ಎಂಬ ಮಾತು ಅರ್ಧ ಸುಳ್ಳು, ಅರ್ಧ ನಿಜ. ಸಿಗ್ನಲ್‌ನ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಚಿತ್ರ, ಜಾವಾಸ್ಕ್ರಿಪ್ಟ್‌ಗಳನ್ನು ತರಿಸದೇ ಇರುವುದರಿಂದ ಬರಬೇಕಾದ ಸರಕೇ ಕಡಿಮೆಯಾಗುತ್ತದೆ, ಡೇಟಾ ಉಳಿಯುತ್ತದೆ. ಪ್ರೊಸೆಸರ್‌ಗೆ ಕೆಲಸ ಕಡಿಮೆಯಾದ್ದರಿಂದ ಕರೆಂಟ್ ಹೋದಾಗ ಬ್ಯಾಟರಿಯೂ ಸ್ವಲ್ಪ ಹೆಚ್ಚು ಬಾಳುತ್ತದೆ. ಮಲೆನಾಡಿನ ಆಷಾಢದಲ್ಲಿ ಇದು ಸಣ್ಣ ಲಾಭವಲ್ಲ.

ಅಕ್ಷರ ದೊಡ್ಡದಾಗಬೇಕೆಂದರೆ ಕಂಟ್ರೋಲ್ ಜೊತೆ ಪ್ಲಸ್ ಒತ್ತಿ. ಮುಖ್ಯವೆನಿಸಿದ ಲೇಖನವನ್ನು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಮೂಲಕ ಉಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ಓದಬಹುದು. ಇಲಾಖೆಗಳ ಸುತ್ತೋಲೆಗಳು ಬಹುಪಾಲು ಪಿಡಿಎಫ್ ಆಗಿರುತ್ತವೆ. ಅವು ಬ್ರೌಸರ್‌ನ ಒಳಗೆ ಕಾಣುವುದಿಲ್ಲ, ಇಳಿಸಿಕೊಂಡು ಬೇರೆ ತಂತ್ರಾಂಶದಲ್ಲಿ ತೆರೆಯಬೇಕು.

ಯಾವ ತಾಣ ನಡೆಯುತ್ತದೆ, ಯಾವುದು ಇಲ್ಲ ಎಂದು ಊಹಿಸಲು ಒಂದು ಸುಲಭದ ಗುರುತಿದೆ. ಕನ್ನಡ ವಿಕಿಪೀಡಿಯದಂತೆ ಬರಹ, ಕೋಷ್ಟಕಗಳೇ ಮುಖ್ಯವಾಗಿರುವ ಪುಟಗಳನ್ನು ಓದಲು ತೊಂದರೆಯಿಲ್ಲ. ಜಿಲ್ಲೆ ಆರಿಸಿದ ಕೂಡಲೇ ತಾಲ್ಲೂಕಿನ ಪಟ್ಟಿ, ತಾಲ್ಲೂಕು ಆರಿಸಿದ ಕೂಡಲೇ ಹೋಬಳಿಯ ಪಟ್ಟಿ ತಾನಾಗಿ ತುಂಬಿಕೊಳ್ಳುತ್ತದಲ್ಲ, ಅದು ಜಾವಾಸ್ಕ್ರಿಪ್ಟ್‌ನ ಕೆಲಸ. ಪಹಣಿ ತೆಗೆಯುವಂಥ ಅಂಥ ಪುಟಗಳನ್ನು ನೆಟ್‌ಸರ್ಫ್‌ನಲ್ಲಿ ಪ್ರಯತ್ನಿಸಿ ಬೇಸರಪಟ್ಟುಕೊಳ್ಳಬೇಡಿ. ಧಾರಣೆಯ ಪುಟಗಳಲ್ಲೂ ಎರಡು ಬಗೆಯಿವೆ. ದರದ ಕೋಷ್ಟಕ ನೇರವಾಗಿ ತೋರಿಸುವ ಪುಟ ನಡೆಯುತ್ತದೆ. ದಿನಾಂಕ, ಮಾರುಕಟ್ಟೆ ಆರಿಸಿ ಎನ್ನುವ ಪುಟ ಮುಂದೆ ಹೋಗದಿರಬಹುದು. ಒಂದು ಕೈಕೊಟ್ಟರೆ ಇನ್ನೊಂದು ತಾಣ ನೋಡಿ. ಪುಟ ಪೂರ್ತಿ ಬಿಳಿಯಾಗಿ ಕಂಡರೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಗಾಬರಿ ಬೇಡ, ಆ ಪುಟವನ್ನು ಇಡಿಯಾಗಿ ಜಾವಾಸ್ಕ್ರಿಪ್ಟ್‌ನಲ್ಲೇ ಕಟ್ಟಿದ್ದಾರೆ ಎಂದರ್ಥ.

ಕೊನೆಯದಾಗಿ ದುಡ್ಡಿನ ವಿಷಯ. ಹೆಚ್ಚು ಜನ ಬಳಸದ ಬ್ರೌಸರ್‌ನ ತಂಟೆಗೆ ಕಳ್ಳರು ಬರುವುದಿಲ್ಲ, ಹಾಗಾಗಿ ಅದೇ ಸುರಕ್ಷಿತ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಜಾವಾಸ್ಕ್ರಿಪ್ಟ್ ನಡೆಸದಿದ್ದರೆ ದಾಳಿಯ ಹಲವು ದಾರಿಗಳು ಮುಚ್ಚಿಹೋಗುತ್ತವೆ ಎಂಬಷ್ಟು ಮಟ್ಟಿಗೆ ಸರಿ. ಆದರೆ ಮೊದಲು ಹೇಳಿದ ಆ ಬೇಲಿ ನೆಟ್‌ಸರ್ಫ್‌ನಲ್ಲಿ ಇಲ್ಲ. ಅದನ್ನು ನೋಡಿಕೊಳ್ಳುವ ತಂಡವೂ ಚಿಕ್ಕದು: 3.10ನೇ ಆವೃತ್ತಿ ಬಂದದ್ದು 2020ರಲ್ಲಿ, 3.11 ಬಂದದ್ದು 2023ರ ಡಿಸೆಂಬರ್‌ನಲ್ಲಿ. ದೊಡ್ಡ ಬ್ರೌಸರ್‌ಗಳಿಗೆ ಕೆಲವೇ ವಾರಗಳಿಗೊಮ್ಮೆ ಭದ್ರತಾ ತಿದ್ದುಪಡಿ ಬರುತ್ತಿರುತ್ತದೆ. ಇನ್ನು ಫಾಲ್ಕನ್‌ನ ಎಂಜಿನ್‌ಗೆ ಭದ್ರತಾ ತಿದ್ದುಪಡಿಯ ಹೊಣೆ ತನ್ನದಲ್ಲ ಎಂದು ಡೆಬಿಯನ್ ಸ್ಪಷ್ಟವಾಗಿಯೇ ಹೇಳುತ್ತದೆ. ಆದ್ದರಿಂದ ಬ್ಯಾಂಕು, ಸೊಸೈಟಿಯ ಆನ್‌ಲೈನ್ ಖಾತೆ, ಆಧಾರ್, ಪಾಸ್‌ವರ್ಡ್ ಕೇಳುವ ಯಾವುದೇ ಕೆಲಸಕ್ಕೆ ಫೈರ್‌ಫಾಕ್ಸ್ ಇರಲಿ. ಅದೂ ಮುಕ್ತ ತಂತ್ರಾಂಶವೇ. ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೇ ಟ್ಯಾಬ್ ತೆರೆದು, ಕೆಲಸ ಮುಗಿದ ಮೇಲೆ ಲಾಗ್ ಔಟ್ ಆಗಿ ಅದನ್ನೂ ಮುಚ್ಚಿದರೆ 2 ಜಿಬಿ ಯಂತ್ರ ನಿಧಾನಕ್ಕಾದರೂ ನಿಭಾಯಿಸುತ್ತದೆ. ಲಿನಕ್ಸ್‌ನ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ, ಫೈರ್‌ಫಾಕ್ಸ್‌ನ ತಿದ್ದುಪಡಿಗಳೂ ಅದರ ಜೊತೆಗೇ ಬರುತ್ತವೆ.

ಮನೆಯ ಹಿರಿಯರಿಗೆ ಗೊಂದಲವಾಗದಂತೆ ಪರದೆಯ ಮೇಲಿನ ಎರಡು ಐಕಾನ್‌ಗಳ ಹೆಸರನ್ನು ಕನ್ನಡದಲ್ಲೇ ಬದಲಿಸಿಬಿಡಿ: ನೆಟ್‌ಸರ್ಫ್‌ಗೆ 'ಧಾರಣೆ, ಓದು', ಫೈರ್‌ಫಾಕ್ಸ್‌ಗೆ 'ಬ್ಯಾಂಕು, ಪಹಣಿ'.