ಮನೆಯ ಮೂರು ಬೆಲೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಇರುವ ಮನೆಯನ್ನು ಮಾರುವುದೆಂದರೆ ಮನೆತನಕ್ಕೆ ಬಂದ ಆಪತ್ತು. ಅದನ್ನು ನಾಣ್ಣುಡಿಯಲ್ಲಿ ಇಡುವುದೂ ಅಮಂಗಳವೆಂದು ತೋರಿರಬೇಕು. ಇಂದು ಬೆಂಗಳೂರಿನ ಬಸವನಗುಡಿ, ಜಯನಗರ, ರಾಜಾಜಿನಗರಗಳಂಥ ಹಳೆಯ ಬಡಾವಣೆಗಳಲ್ಲಿ ಅದು ಆಪತ್ತಾಗಿ ಉಳಿದಿಲ್ಲ, ಅನೇಕ ವೃದ್ಧ ದಂಪತಿಗಳ ಬಾಳಿನಲ್ಲಿ ಬಂದೇ ಬರುವ ಒಂದು ಘಟ್ಟವಾಗಿದೆ. ಮಕ್ಕಳು ದೂರದಲ್ಲಿದ್ದಾರೆ, ಮಹಡಿಯ ಮೆಟ್ಟಿಲನ್ನು ಮೊಣಕಾಲು ಒಪ್ಪುವುದಿಲ್ಲ, ಮಳೆಗಾಲಕ್ಕೊಮ್ಮೆ ತಾರಸಿ ಸೋರುತ್ತದೆ. ಇತ್ತ, ಬಾಡಿಗೆಯ ಮನೆಗಳಲ್ಲಿ ಹತ್ತು ಹದಿನೈದು ವರ್ಷ ಕಳೆದು, ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಕೂಡಿಸಿ, ಒಂದು ಸೂರನ್ನು ತಮ್ಮದೆನ್ನಬೇಕೆಂದು ಹೊರಟ ಮಧ್ಯವಯಸ್ಸಿನ ದಂಪತಿಗಳಿದ್ದಾರೆ. ಈ ಎರಡು ಸಂಸಾರಗಳು ಸಂಧಿಸುವ ಸ್ಥಳವನ್ನು ನಾವು ಮಾರುಕಟ್ಟೆ ಎಂದು ಕರೆಯುತ್ತೇವೆ.

ಆ ಹೆಸರು ಅರ್ಧ ಮಾತ್ರ ಸರಿ. ಯಶವಂತಪುರದ ಮಂಡಿಗೆ ಈರುಳ್ಳಿ ಬಂದರೆ ಅಂದಿನ ಧಾರಣೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಮಾರುವ ರೈತನಿಗೂ ಕೊಳ್ಳುವ ವರ್ತಕನಿಗೂ ಅದು ಒಂದೇ. ಮನೆಗಳ ಮಾತು ಹಾಗಲ್ಲ. ಒಂದು ಬೀದಿಯಲ್ಲಿ ವರ್ಷಕ್ಕೆ ಒಂದು ಮನೆ ಕೈಬದಲಾದರೆ ಹೆಚ್ಚು. ಅದು ಎಷ್ಟಕ್ಕೆ ಹೋಯಿತೆಂದು ಪಕ್ಕದ ಮನೆಯವರಿಗೂ ಖಚಿತವಾಗಿ ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಅಲ್ಲಿಯ ಭೂನೋಂದಣಿ ಇಲಾಖೆಯವರು 1995ರಿಂದ ಈಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ಬೀದಿ, ಬಾಗಿಲ ಸಂಖ್ಯೆಗಳೊಡನೆ ಪ್ರಕಟಿಸುತ್ತಾರೆ. ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು 2007ರಿಂದ ಒಂದು ಸೂಚ್ಯಂಕವನ್ನು ಹೊರಡಿಸುತ್ತಿದೆ. ಅದು ನಗರದ ಒಟ್ಟು ಏರಿಳಿತವನ್ನು ತೋರಿಸಬಹುದು. ನಾಲ್ಕನೆಯ ಮುಖ್ಯರಸ್ತೆಯ ಮೂಲೆಯ ಸೈಟಿಗೆ ಏನು ಬೆಲೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಹೀಗಾಗಿ ನಮ್ಮಲ್ಲಿ ಮನೆಗೆ ಒಂದು ಬೆಲೆಯಿಲ್ಲ, ಮೂರು ಬೆಲೆಗಳಿವೆ. ಜನರ ಬಾಯಲ್ಲಿರುವುದು ಒಂದು, ಸರ್ಕಾರದ ಪಟ್ಟಿಯಲ್ಲಿರುವುದು ಒಂದು, ಕ್ರಯಪತ್ರದಲ್ಲಿ ಬರೆಯುವುದು ಮತ್ತೊಂದು. ಈ ಮೂರರ ನಡುವಣ ಅಂತರದಲ್ಲಿಯೇ ಕೊಳ್ಳುವವರೂ ಮಾರುವವರೂ ಎಡವುತ್ತಾರೆ.

ಬಾಯಿಬೆಲೆಯನ್ನು ಮೊದಲು ನೋಡೋಣ. ಇದು ದಲ್ಲಾಳಿಗಳ ಮೂಲಕ, ಬೆಳಗಿನ ವಾಯುಸಂಚಾರದ ಮಾತುಗಳ ಮೂಲಕ ಹರಡುವ ಬೆಲೆ. ಮಾರುವವರು ಕೇಳಿದ ಬೆಲೆ ಊರೆಲ್ಲ ಸುತ್ತುತ್ತದೆ. ಕೊನೆಗೆ ಒಪ್ಪಿದ ಬೆಲೆ ನಾಲ್ಕು ಗೋಡೆಗಳ ನಡುವೆ ಉಳಿಯುತ್ತದೆ. ಕೇಳಿದ ಬೆಲೆಯನ್ನೇ ಬಂದ ಬೆಲೆಯೆಂದು ನಂಬಿದ ನೆರೆಯವರು ತಮ್ಮ ಮನೆಗೆ ಅದಕ್ಕಿಂತ ಒಂದು ತೂಕ ಹೆಚ್ಚು ಹೇಳುತ್ತಾರೆ, ಆಮೇಲೆ ಎರಡು ವರ್ಷ ಗಿರಾಕಿಗಾಗಿ ಕಾಯುತ್ತಾರೆ. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ಸೈಟೆಂದರೆ 1200 ಚದರಡಿ. ಹಳೆಯ ಬಡಾವಣೆಯಲ್ಲಿ ಲೆಕ್ಕವೆಲ್ಲ ಈ ನೆಲದ ಮೇಲೆಯೇ ನಡೆಯುತ್ತದೆ. ಅದರ ಮೇಲೆ ನಿಂತಿರುವ ಮನೆಗೆ, ಅಂದರೆ ತಂದೆಯವರು ನಿಂತು ಕಟ್ಟಿಸಿದ ಗಾರೆಯ ನೆಲಕ್ಕೆ, ಸಾಗುವಾನಿಯ ಬಾಗಿಲುಗಳಿಗೆ, ಹಿತ್ತಲ ತೆಂಗಿನ ಮರಕ್ಕೆ ಕೊಳ್ಳುವವರ ಲೆಕ್ಕದಲ್ಲಿ ಬೆಲೆ ಸೊನ್ನೆ. ಅವರು ಅದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸುವವರು. ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವವರು. ಇದು ಹೃದಯಹೀನತೆಯಲ್ಲ. ಕೊಟ್ಟ ಹಣಕ್ಕೆ ಆ ನೆಲದಿಂದ ಎಷ್ಟು ಬಾಡಿಗೆ ಹುಟ್ಟೀತೆಂಬ ಲೆಕ್ಕ ಅವರದು. ಆದರೆ ಮಾರುವವರು ಬೆಲೆ ಹೇಳುವಾಗ ನೆನಪುಗಳನ್ನೂ ಸೇರಿಸಿಯೇ ಹೇಳುತ್ತಾರೆ, ಮತ್ತು ಆ ಭಾಗಕ್ಕೆ ಯಾರೂ ಹಣ ಕೊಡುವುದಿಲ್ಲ. ಪೂರ್ವದಿಕ್ಕಿಗೆ ಬಾಗಿಲಿದ್ದರೆ ಮಾತ್ರ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ವಾಸ್ತುವಿನಲ್ಲಿ ನಂಬಿಕೆಯಿಲ್ಲದವರೂ ಕೊಡುತ್ತಾರೆ, ಮುಂದೆ ಮಾರುವಾಗ ನಂಬುವವರು ಬರಬಹುದಲ್ಲ ಎಂದು!

ಎರಡನೆಯದು ಸರ್ಕಾರದ ಬೆಲೆ, ಮಾರ್ಗಸೂಚಿ ಬೆಲೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯವರು ಬಡಾವಣೆ, ರಸ್ತೆಗಳ ಪ್ರಕಾರ ಇದನ್ನು ಗೊತ್ತುಮಾಡುತ್ತಾರೆ. ಇದಕ್ಕಿಂತ ಕಡಿಮೆ ಮೊತ್ತಕ್ಕೆ ಪತ್ರ ಬರೆದುಕೊಂಡು ಹೋದರೂ ಶುಲ್ಕವನ್ನು ಈ ಬೆಲೆಯ ಮೇಲೆಯೇ ಕೇಳುತ್ತಾರೆ. ಒಪ್ಪದಿದ್ದರೆ ವಿಷಯ ಜಿಲ್ಲಾ ನೋಂದಣಾಧಿಕಾರಿಗಳವರೆಗೆ ಹೋಗುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಈ ಬೆಲೆಗಳನ್ನು ಸರಾಸರಿ ಶೇಕಡಾ 30ರಷ್ಟು ಏರಿಸಲಾಯಿತು. ಒಳ್ಳೆಯ ಬಡಾವಣೆಗಳಲ್ಲಿ ನಿಜವಾದ ಬೆಲೆ ಈ ಪಟ್ಟಿಗಿಂತ ಮೇಲಿರುವುದೇ ಸಾಮಾನ್ಯ. ಕೆಲವು ಹಳೆಯ ಫ್ಲ್ಯಾಟುಗಳ ವಿಷಯದಲ್ಲಿ ಪಟ್ಟಿಯೇ ಮೇಲಿರುವುದೂ ಉಂಟು. ಅಂಥ ಕಡೆ ಮಾರುವವರು ಎಚ್ಚರದಿಂದಿರಬೇಕು. ಪತ್ರದ ಮೊತ್ತಕ್ಕಿಂತ ಮಾರ್ಗಸೂಚಿ ಬೆಲೆ ಶೇಕಡಾ 10ಕ್ಕಿಂತ ಹೆಚ್ಚಾಗಿದ್ದರೆ ವರಮಾನ ತೆರಿಗೆಯವರು ಮಾರ್ಗಸೂಚಿ ಬೆಲೆಯೇ ಕೈಗೆ ಬಂದಿತೆಂದು ಎಣಿಸುತ್ತಾರೆ. ಕೊಂಡವರಿಗೆ ಆ ವ್ಯತ್ಯಾಸವನ್ನು ವರಮಾನವೆಂದೇ ಲೆಕ್ಕ ಹಾಕುತ್ತಾರೆ.

ಮೂರನೆಯದು ಪತ್ರದ ಬೆಲೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಂಸಾರಗಳು ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ. ಒಂದು ಮನೆ ಒಂದು ಕೋಟಿ ರೂಪಾಯಿಗೆ ಒಪ್ಪಿಗೆಯಾಯಿತೆನ್ನಿ. ಅದರ ಮಾರ್ಗಸೂಚಿ ಬೆಲೆ 80 ಲಕ್ಷ. ಪತ್ರವನ್ನು ಎಂಬತ್ತಕ್ಕೇ ಮಾಡಿಸೋಣ, ಉಳಿದ ಇಪ್ಪತ್ತನ್ನು ಕೈಗೆ ಕೊಟ್ಟುಬಿಡಿ, ನಿಮಗೂ ಶುಲ್ಕ ಉಳಿಯುತ್ತದೆ ಎಂದು ಯಾರೋ ಹೇಳುತ್ತಾರೆ. ಉಪಕಾರದ ಧ್ವನಿಯಲ್ಲಿ ಹೇಳುವುದರಿಂದ ಇದು ಹಿತವಾಗಿ ಕೇಳಿಸುತ್ತದೆ. ಲೆಕ್ಕ ಮಾಡಿ ನೋಡೋಣ.

ಕರ್ನಾಟಕದಲ್ಲಿ ಇಂಥ ಮನೆಗೆ ಮುದ್ರಾಂಕ ಶುಲ್ಕ ಶೇಕಡಾ 5. ನಗರಗಳಲ್ಲಿ ಆ ಶುಲ್ಕದ ಮೇಲೆ ಉಪಕರ, ಅಧಿಕ ಶುಲ್ಕಗಳು ಸೇರಿ 5.6 ಆಗುತ್ತದೆ. ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ಒಂದು ಕೋಟಿಗೆ ಪತ್ರವಾದರೆ 7 ಲಕ್ಷ 60 ಸಾವಿರ, ಎಂಬತ್ತು ಲಕ್ಷಕ್ಕಾದರೆ 6 ಲಕ್ಷ 8 ಸಾವಿರ. ಉಳಿತಾಯ 1 ಲಕ್ಷ 52 ಸಾವಿರ. ಇದು ಒಂದು ಪಕ್ಕ. ಈಗ ಬ್ಯಾಂಕಿನ ಕಡೆ ತಿರುಗೋಣ. 30 ಲಕ್ಷಕ್ಕಿಂತ ಮೇಲ್ಪಟ್ಟು 75 ಲಕ್ಷದವರೆಗಿನ ಸಾಲವನ್ನು ಮನೆಯ ಬೆಲೆಯ ಶೇಕಡಾ 80ರ ಮಿತಿಯೊಳಗೆ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮ. ಅದಕ್ಕಿಂತ ದೊಡ್ಡ ಸಾಲಕ್ಕೆ ಮಿತಿ 75. ಪತ್ರ ಕೋಟಿಯದಾದರೆ 75 ಲಕ್ಷದವರೆಗೆ ಸಾಲ ಹುಟ್ಟೀತು. ಎಂಬತ್ತರದಾದರೆ 64 ಲಕ್ಷ. ಶುಲ್ಕಕ್ಕೆ ಸಾಲ ಸಿಗುವುದಿಲ್ಲ. ಆದ್ದರಿಂದ ಪೂರ್ತಿ ಬೆಲೆ ಬರೆದವರು ಕೈಯಿಂದ ಹೊಂದಿಸಬೇಕಾದದ್ದು 32 ಲಕ್ಷ 60 ಸಾವಿರ. ಕಡಿಮೆ ಬರೆದವರು ಹೊಂದಿಸಬೇಕಾದದ್ದು 42 ಲಕ್ಷ 8 ಸಾವಿರ, ಅದರಲ್ಲಿ ಇಪ್ಪತ್ತು ಲಕ್ಷ ರಸೀದಿಯಿಲ್ಲದ ಹಣ. ಸಂಬಳದವರ ಮನೆಯಲ್ಲಿ ಅಂಥ ಹಣ ಎಲ್ಲಿಂದ ಬರಬೇಕು? ಒಡವೆ ಅಡವಿಟ್ಟು, ಬಂಧುಗಳಿಂದ ಕೈಗಡ ತಂದು, ಹೆಚ್ಚು ಬಡ್ಡಿಯ ಸಾಲವೆತ್ತಿ ತರುತ್ತಾರೆ.

ಅಲ್ಲಿಗೂ ಮುಗಿಯಲಿಲ್ಲ. ಮುಂದೆಂದಾದರೂ ಆ ಮನೆಯನ್ನು ಅವರೇ ಮಾರುವಾಗ, ಕೊಂಡ ಬೆಲೆ ಎಂಬತ್ತೆಂದೇ ಲೆಕ್ಕ. ಕೊಟ್ಟ ಇಪ್ಪತ್ತು ಲಕ್ಷ ಲಾಭವಾಗಿ ಕಾಣಿಸಿಕೊಳ್ಳುತ್ತದೆ. 2024ರ ಜುಲೈ 23ರಿಂದ ಇಂಥ ದೀರ್ಘಾವಧಿ ಲಾಭದ ಮೇಲೆ ತೆರಿಗೆ ಶೇಕಡಾ 12.5. ಇಪ್ಪತ್ತು ಲಕ್ಷಕ್ಕೆ ಎರಡೂವರೆ ಲಕ್ಷ. ಈಗ ಉಳಿಸಿದ ಒಂದೂವರೆಗೆ ಆಗ ತೆರುವುದು ಎರಡೂವರೆ! ಆ ಎರಡೂವರೆ ಲಕ್ಷ ನ್ಯಾಯವಾಗಿ ಇಂದು ಮಾರುವವರು ತೆರಬೇಕಾಗಿದ್ದದ್ದು. ಕಡಿಮೆ ಬೆಲೆಯ ಪತ್ರವೆಂದರೆ ಮಾರುವವರ ತೆರಿಗೆಯನ್ನು ಕೊಳ್ಳುವವರ ತಲೆಗೆ ಕಟ್ಟುವ ಉಪಾಯವಲ್ಲದೆ ಬೇರೆ ಅಲ್ಲ.

ಮಾರುವವರಿಗಾದರೂ ಇದರಿಂದ ಲಾಭವೆ? ಬಹಳ ಮಂದಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ. ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳುವುದಕ್ಕೋ, ಮೂರು ವರ್ಷದೊಳಗೆ ಕಟ್ಟಿಸುವುದಕ್ಕೋ ತೊಡಗಿಸಿದರೆ ಆ ಮಟ್ಟಿಗೆ ತೆರಿಗೆಯೇ ಇಲ್ಲ. ಆರು ತಿಂಗಳೊಳಗೆ ನಿಗದಿಯಾದ ಸರ್ಕಾರಿ ಸಂಸ್ಥೆಗಳ ಐದು ವರ್ಷದ ಬಾಂಡುಗಳಲ್ಲಿ 50 ಲಕ್ಷದವರೆಗೆ ಇಡಲು ಅವಕಾಶವಿದೆ. ಮನೆ 2024ರ ಆ ದಿನಕ್ಕಿಂತ ಹಿಂದಿನದಾದರೆ, ಇಲ್ಲಿ ವಾಸವಿರುವವರು ಬೆಲೆಯೇರಿಕೆಯ ಸೂಚ್ಯಂಕದಿಂದ ಕೊಂಡ ಬೆಲೆಯನ್ನು ಹೆಚ್ಚಿಸಿಕೊಂಡು ಶೇಕಡಾ 20ರ ಹಳೆಯ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ತೆರಬಹುದು. ದೊಡ್ಡ ಮನೆ ಮಾರಿ ಚಿಕ್ಕ ಫ್ಲ್ಯಾಟಿಗೆ ಹೋಗುವ ನಿವೃತ್ತರಿಗೆ ಈ ದಾರಿಗಳಲ್ಲೊಂದು ತೆರೆದೇ ಇರುತ್ತದೆ. ಬಚ್ಚಿಡಬೇಕಾಗಿಲ್ಲದ ಹಣವನ್ನು ಬಚ್ಚಿಟ್ಟುಕೊಂಡು, ಆಮೇಲೆ ಅದನ್ನು ಬ್ಯಾಂಕಿಗೂ ಹಾಕಲಾರದೆ, ಮನೆಯಲ್ಲೂ ಇಡಲಾರದೆ ನಿದ್ದೆಗೆಡುವುದು ಎಂಥ ಲಾಭ? 2015ರಿಂದ ಸ್ಥಿರಾಸ್ತಿಯ ಬಾಬ್ತು 20 ಸಾವಿರ ಅಥವಾ ಅದಕ್ಕೆ ಮೀರಿದ ಹಣವನ್ನು ನಗದಾಗಿ ಪಡೆಯುವುದಕ್ಕೆ ನಿಷೇಧವಿದೆ. ಪಡೆದಷ್ಟೇ ಮೊತ್ತವನ್ನು ದಂಡವಾಗಿ ವಿಧಿಸಬಹುದು.

ಬಡ್ಡಿಯ ಮಾತನ್ನೂ ಹೇಳಬೇಕು. ರಿಸರ್ವ್ ಬ್ಯಾಂಕಿನ ರೆಪೊ ದರ 2025ರ ಆರಂಭದಲ್ಲಿ ಶೇಕಡಾ 6.5 ಇದ್ದದ್ದು ಆ ವರ್ಷದ ಡಿಸೆಂಬರಿಗೆ 5.25ಕ್ಕೆ ಇಳಿಯಿತು. ಇಂಥ ಇಳಿಕೆಯನ್ನು ಕೊಳ್ಳುವವರಿಗೆ ಬಂದ ವರವೆಂದು ಜಾಹೀರಾತುಗಳು ಸಾರುತ್ತವೆ. 75 ಲಕ್ಷದ ಇಪ್ಪತ್ತು ವರ್ಷದ ಸಾಲಕ್ಕೆ ಬಡ್ಡಿ ಎಂಟೂವರೆಯಾದರೆ ತಿಂಗಳ ಕಂತು ಸುಮಾರು 65 ಸಾವಿರ. ಏಳೂವರೆಯಾದರೆ 60 ಸಾವಿರ ಚಿಲ್ಲರೆ. ಆದರೆ ಅದೇ 65 ಸಾವಿರ ಕಟ್ಟಬಲ್ಲವರಿಗೆ ಈಗ ಸುಮಾರು 80 ಲಕ್ಷ ಸಾಲ ಎಟುಕುತ್ತದೆಂಬುದು ಮಾರುವವರಿಗೂ ದಲ್ಲಾಳಿಗಳಿಗೂ ತಿಳಿದಿದೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಇನ್ನೊಂದು ಸೈಟು ಹೊಸದಾಗಿ ಹುಟ್ಟುವಂತಿಲ್ಲ. ನೆಲ ಹೆಚ್ಚದ ಕಡೆ ಸಾಲದ ಶಕ್ತಿ ಹೆಚ್ಚಿದರೆ, ಆ ಹೆಚ್ಚಳದ ಬಹುಭಾಗ ಬೆಲೆಗೇ ಸೇರಿಹೋಗುತ್ತದೆ. ಹೊರವಲಯದ ಹೊಸ ಬಡಾವಣೆಗಳಲ್ಲಿ ಮಾತ್ರ ಇಳಿದ ಬಡ್ಡಿಯ ಸ್ವಲ್ಪ ಪ್ರಯೋಜನ ಕೊಳ್ಳುವವರ ಕೈಯಲ್ಲಿ ಉಳಿದೀತು. ಅಲ್ಲಿ ನೀರು, ಚರಂಡಿಗಳ ಚಿಂತೆ ಬೇರೆ.

ಬೆಲೆ ಕುದುರಿದ ಮೇಲೂ ವ್ಯವಹಾರಗಳು ಮುರಿದುಬೀಳುವುದು ಸಾಮಾನ್ಯವಾಗಿ ಸಹಿಗಳ ವಿಷಯದಲ್ಲಿ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಒಡೆಯರೆಂದು ನಮ್ಮ ಜನ ತಿಳಿಯುತ್ತಾರೆ. ಖಾತೆ ಎಂಬುದು ಕಂದಾಯ ಕಟ್ಟುವವರ ದಾಖಲೆಯೇ ಹೊರತು ಹಕ್ಕಿನ ಮೂಲವಲ್ಲ. 2024ರ ಅಕ್ಟೋಬರಿನಿಂದ ಇ-ಖಾತೆಯಿಲ್ಲದೆ ನೋಂದಣಿಯಿಲ್ಲವೆಂದಾದ ಮೇಲೂ ಈ ಮಾತು ಬದಲಾಗಿಲ್ಲ. ಹಕ್ಕು ಮೂಲಪತ್ರಗಳಲ್ಲಿದೆ, ವಂಶದಲ್ಲಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಲ್ಲೆಲ್ಲ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೊನೆಯ ದಿನ ಸಹಿಗೆ ಕರೆಯುವ ಅಣ್ಣಂದಿರು ಇಂದಿಗೂ ಇದ್ದಾರೆ. ಅಂದು ಅವರು ಬಾರದಿದ್ದರೆ ತಪ್ಪು ಅವರದಲ್ಲ. ಮನೆಯನ್ನು ಮಾರಾಟಕ್ಕಿಡುವ ಮೊದಲೇ ಪಾಲಿನ ಮಾತನ್ನು ಮುಗಿಸಿ, ವಿಭಾಗಪತ್ರವನ್ನೋ ಹಕ್ಕುಬಿಡುಗಡೆ ಪತ್ರವನ್ನೋ ನೋಂದಾಯಿಸಿಟ್ಟುಕೊಂಡವರಿಗೆ ಒಳ್ಳೆಯ ಬೆಲೆ ಬರುತ್ತದೆ. ಕೊಳ್ಳುವವರು ತಗಾದೆಯಿಲ್ಲದ ಪತ್ರಕ್ಕೆ ಹೆಚ್ಚು ಕೊಡಲು ಸಿದ್ಧರಿರುತ್ತಾರೆ.

ಮುಂಗಡ ಕೊಟ್ಟು ಬರೆದುಕೊಳ್ಳುವ ಕ್ರಯದ ಕರಾರಿನಿಂದ ಮನೆ ನಮ್ಮದಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಬರಿಯ ಅಧಿಕಾರಪತ್ರದ ಮೂಲಕ ಆದ ಮಾರಾಟ ಮಾರಾಟವೇ ಅಲ್ಲವೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆದ್ದರಿಂದ ಕರಾರಿನಲ್ಲಿ ಪೂರ್ತಿ ಬೆಲೆ, ಉಳಿದ ಹಣ ಕೊಡುವ ದಿನ, ಮನೆ ತೆರವು ಮಾಡುವ ದಿನ, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಹಿಂತಿರುಗಿಸುವ ಗಡುವು, ಇವೆಲ್ಲ ಬರವಣಿಗೆಯಲ್ಲಿರಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಕೊಳ್ಳುವವರು ಶೇಕಡಾ 1ನ್ನು ಹಿಡಿದುಕೊಂಡು ಮಾರುವವರ ಹೆಸರಿನಲ್ಲಿ ತೆರಿಗೆಗೆ ಕಟ್ಟಬೇಕೆಂಬುದು ಅನೇಕರಿಗೆ ತಿಳಿದಿದೆ. ಮಾರುವವರಲ್ಲಿ ಒಬ್ಬರು ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಆಗಿದ್ದರೆ ಅವರ ಪಾಲಿಗೆ ಈ ಒಂದು ಸಾಲದೆಂಬುದು ತಿಳಿದಿರುವುದಿಲ್ಲ. ಆ ಪಾಲಿನಲ್ಲಿ ಶೇಕಡಾ 12.5ರ ದರದಲ್ಲಿ, ಅದರ ಮೇಲಿನ ಅಧಿಕ ತೆರಿಗೆಗಳೊಡನೆ ಹಿಡಿಯಬೇಕಾಗುತ್ತದೆ. ಹಿಡಿಯದಿದ್ದರೆ ಆ ಹಣವನ್ನು ಇಲಾಖೆ ಕೊಂಡವರಿಂದ ಕೇಳುತ್ತದೆ. ನಿಜವಾದ ಲಾಭಕ್ಕೆ ತಕ್ಕಷ್ಟು ಮಾತ್ರ ಹಿಡಿಯುವಂತೆ ಪ್ರಮಾಣಪತ್ರವನ್ನು ಮಾರುವವರು ವರಮಾನ ತೆರಿಗೆಯ ಅಧಿಕಾರಿಗಳಿಂದ ಮೊದಲೇ ಪಡೆದುಕೊಳ್ಳಬಹುದು. ಅದು ಬರಲು ವಾರಗಳೇ ಹಿಡಿಯಬಹುದು. ಮಗ ರಜೆಯ ಮೇಲೆ ಊರಿಗೆ ಬಂದ ಹದಿನೈದು ದಿನಗಳಲ್ಲಿ ಎಲ್ಲವನ್ನೂ ಮುಗಿಸಬೇಕೆನ್ನುವವರು ಆ ಅರ್ಜಿಯನ್ನು ಅವನು ವಿಮಾನ ಹತ್ತುವುದಕ್ಕೆ ಬಹಳ ಮುಂಚೆಯೇ ಹಾಕಿಸಿರಬೇಕು.