ವೆಬ್‌ಸೈಟ್ ಮಾಡಿಸುವ ಮುನ್ನ: ಅಕ್ಷರದ ಮಾನಕ, ಕೋಡಿನ ಶಿಸ್ತು ಹಾಗೂ ಎಡಿಟರ್‌ನ ಆಯ್ಕೆ

ಒತ್ತಿದ ಹತ್ತಿಯ ಒಂದು ಬೇಲು ಎಂದರೆ 170 ಕಿಲೋ, ಒಂದು ಖಂಡಿ ಎಂದರೆ 356 ಕಿಲೋ. ರಾಯಚೂರಿನ ಜಿನ್ನಿಂಗ್ ಕಾರ್ಖಾನೆಯವರು ದೂರವಾಣಿಯಲ್ಲಿ ಖಂಡಿಯ ದರವನ್ನು ಹೇಳಿದರೆ ಕೊಯಮತ್ತೂರಿನ ಗಿರಣಿಯವರು ಅದರ ತೂಕವೆಷ್ಟೆಂದು ಮರಳಿ ಕೇಳುವುದಿಲ್ಲ. ಮಾನಕವೆಂದರೆ ಇದೇ. ಇಬ್ಬರೂ ಒಮ್ಮೆ ಒಪ್ಪಿಕೊಂಡ ಅಳತೆಯನ್ನು ಪ್ರತಿಸಲವೂ ಚರ್ಚಿಸಬೇಕಾಗಿಲ್ಲ. ವ್ಯಾಪಾರದಲ್ಲಿ ಇದನ್ನು ಚೆನ್ನಾಗಿ ಬಲ್ಲ ನಾವು ವೆಬ್‌ಸೈಟ್ ಮಾಡಿಸುವಾಗ ಮಾತ್ರ ಮರೆತುಬಿಡುತ್ತೇವೆ. ಬಣ್ಣ ಹೇಗಿರಬೇಕು, ಮಾಲೀಕರ ಭಾವಚಿತ್ರ ಎಲ್ಲಿರಬೇಕು ಎಂದು ಹೇಳಿ, ಉಳಿದುದನ್ನು 'ಹುಡುಗರು ನೋಡಿಕೊಳ್ಳುತ್ತಾರೆ' ಎಂದು ಬಿಡುತ್ತೇವೆ. ಹೀಗೆ ಬಿಟ್ಟುದರ ಪರಿಣಾಮವೇನೆಂಬುದನ್ನು ಇತ್ತೀಚೆಗೆ ನಾನು ಲೆಕ್ಕಪತ್ರ ನೋಡುವ ಸಂಸ್ಥೆಯೊಂದರಲ್ಲಿ ಕಂಡೆ.

ಕೃಷಿ ಉಪಕರಣಗಳನ್ನು ತಯಾರಿಸುವ ಆ ಸಂಸ್ಥೆಗೆ ಮಾನವಿ ಮತ್ತು ದೇವದುರ್ಗಗಳಲ್ಲಿ ವಿತರಕರಿದ್ದಾರೆ. ಕನ್ನಡದ ದರಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕುವ ಪದ್ಧತಿ. ಉಕ್ಕಿನ ಬೆಲೆ ಏರಿದಾಗ ಕಚೇರಿಯ ಗುಮಾಸ್ತರು ಹೊಸ ಪಟ್ಟಿಯನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ ವೆಬ್‌ಸೈಟಿಗೆ ಅಂಟಿಸಿದರು. ಕಚೇರಿಯ ಗಣಕದಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ದೇವದುರ್ಗದ ವಿತರಕರ ಮೊಬೈಲಿನಲ್ಲಿ ಕಂಡದ್ದು ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಅವರು ಅದನ್ನು ಬದಿಗಿಟ್ಟು ಹಳೆಯ ದರದಲ್ಲಿಯೇ ಮಾರಾಟ ಮುಂದುವರಿಸಿದರು. ವ್ಯತ್ಯಾಸದ ಹಣವನ್ನು ಯಾರು ಭರಿಸಬೇಕೆಂಬ ವಿವಾದ ನನ್ನ ಮೇಜಿಗೆ ಬಂದಿತು. ಅಷ್ಟರಲ್ಲಿ ವೆಬ್‌ಸೈಟ್ ಮಾಡಿದ ಯುವಕ ಬೇರೆ ಊರಿಗೆ ಹೋಗಿದ್ದ. ಕರೆಸಿದ ಹೊಬ್ಬರು ಡೆವಲಪರ್‌ಗಳು ಹಳೆಯ ಕೋಡನ್ನು ಒಂದು ವಾರ ನೋಡಿ, ಇದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಅಗ್ಗವೆಂದರು. "ಸಾಹೇಬ್ರ, ಇದನ್ನ ಖರ್ಚಿಗೆ ಬರೀಬೇಕೋ, ಆಸ್ತಿಗೆ ಬರೀಬೇಕೋ?" ಎಂದು ಮಾಲೀಕರು ಕೇಳಿದರು. ಉತ್ತರವನ್ನು ಲೇಖನದ ಕೊನೆಗೆ ಕೊಡುತ್ತೇನೆ. ಮೊದಲು ತಪ್ಪಿದ್ದು ಎಲ್ಲೆಲ್ಲಿ ಎಂಬುದನ್ನು ನೋಡೋಣ.

1. ಅಕ್ಷರದ ಮಾನಕ

ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದವೇ ಅಕ್ಷರಸಂಕೇತ. ಗಣಕದಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಕೇತಸ್ಥಾನಗಳ ವ್ಯಾಪಕ ಬೆಂಬಲವಿಲ್ಲದ ಕಾಲದಲ್ಲಿ, ಇಂಗ್ಲಿಷ್ ಹಾಗೂ ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಿ ಫಾಂಟುಗಳನ್ನು ಮಾಡಲಾಯಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವು ಕನ್ನಡಕ್ಕೆ ಮಾಡಿದ ಉಪಕಾರ ಅಪಾರ. ನಮ್ಮ ಕಚೇರಿಗಳು ಕನ್ನಡದಲ್ಲಿ ಪತ್ರ ಬರೆಯಲು ಕಲಿತದ್ದೇ ಇವುಗಳಿಂದ. ಮುದ್ರಿಸಿದ ಕಾಗದಕ್ಕೆ ಆ ಹಳೆಯ ಫಾಂಟುಗಳು ಸಾಕಾಗಿದ್ದವು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಬಿಡುತ್ತದೆ.

ಯೂನಿಕೋಡ್ ಈ ತೊಡಕನ್ನು ನಿವಾರಿಸಿತು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಯೂನಿಕೋಡ್ ಫಾಂಟು ಬಂದಿತು. ಇಂದಿನ ಮೊಬೈಲುಗಳೆಲ್ಲ ಕನ್ನಡವನ್ನು ತೋರಿಸುವುದು ಈ ಮಾನಕದಿಂದಲೇ.

ವ್ಯತ್ಯಾಸವನ್ನು ನಮ್ಮ ಊರ ಹೆಸರುಗಳಲ್ಲೇ ಕಾಣಬಹುದು. 'ದೇವದುರ್ಗ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಗಕಾರದ ನಂತರ ಕಾಣುತ್ತದೆ. ಹಳೆಯ ಫಾಂಟುಗಳು ಕಂಡಂತೆಯೇ, ಅಂದರೆ ಮೊದಲು ಗ, ಆಮೇಲೆ ಅರ್ಕಾವೊತ್ತು ಎಂದು ದಾಖಲಿಸುತ್ತಿದ್ದವು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ರ, ವಿರಾಮ ಚಿಹ್ನೆ, ಗ ಎಂದು ದಾಖಲಿಸುತ್ತದೆ. 'ಮಾನವಿ'ಯ ಕೊನೆಯ 'ವಿ' ನುಡಿಯ ಹಳೆಯ ಫಾಂಟಿನಲ್ಲಿ ಒಂದೇ ಆಕೃತಿ. ಯೂನಿಕೋಡಿನಲ್ಲಿ ವ ಮತ್ತು ಇಕಾರದ ಗುಡಿಸು ಎಂಬ ಎರಡು ಸಂಕೇತ. ಆದುದರಿಂದ ಹಳೆಯ ಬರಹದಲ್ಲಿ ಹುಡುಕುವಿಕೆಯೂ ಅಕಾರಾದಿ ಜೋಡಣೆಯೂ ನಡೆಯವು. ನಿಮ್ಮ ಸರಕಿನ ಹೆಸರನ್ನು ಗ್ರಾಹಕರು ಕನ್ನಡದಲ್ಲಿ ಗೂಗಲ್‌ನಲ್ಲಿ ಹುಡುಕಿದರೆ ನೀವು ಅಲ್ಲಿ ಇರುವುದೇ ಇಲ್ಲ.

ನಮ್ಮ ಹಿರಿಯ ವರ್ತಕರಿಗೆ ಇದು ಹೊಸ ಅನುಭವವಲ್ಲ. ಈ ಭಾಗದಲ್ಲಿ ನಿಜಾಮರ ಹಾಲಿ ಸಿಕ್ಕ ಮತ್ತು ಕಲ್ದಾರ್ ರೂಪಾಯಿ ಎರಡೂ ಚಲಾವಣೆಯಲ್ಲಿದ್ದ ದಿನಗಳಲ್ಲಿ ಏಳು ಹಾಲಿಗೆ ಆರು ಕಲ್ದಾರ್ ಎಂದು ಲೆಕ್ಕ ಹಾಕಿ ಪರಿವರ್ತಿಸಿಯೇ ಬರೆದುಕೊಳ್ಳಬೇಕಾಗಿತ್ತು. ಹಾಗೆಯೇ ಹಳೆಯ ನುಡಿ, ಬರಹ ಕಡತಗಳನ್ನೂ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಮಾರ್ಪಡಿಸಿದ ಮೇಲೆಯೇ ವೆಬ್‌ಸೈಟಿಗೆ ಸೇರಿಸತಕ್ಕದ್ದು. ನುಡಿ ಮತ್ತು ಬರಹದಲ್ಲಿಯೇ ಯೂನಿಕೋಡ್ ಬರೆಯುವ ಸೌಲಭ್ಯ ಬಂದಿರುವುದರಿಂದ ಗುಮಾಸ್ತರು ಕೀಲಿಮಣೆಯ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ.

ರೂಪಾಯಿ ಚಿಹ್ನೆಯ ಕಥೆಯೂ ಇಂಥದ್ದೇ. ಉದಯಕುಮಾರ್ ಅವರು ವಿನ್ಯಾಸಗೊಳಿಸಿದ ₹ ಚಿಹ್ನೆಯನ್ನು ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಅಂಗೀಕರಿಸಿತು. ಆಗ ಅದಕ್ಕೆ ಯೂನಿಕೋಡ್ ಸ್ಥಾನವಿರಲಿಲ್ಲ. ಮಂಗಳೂರಿನ ಫೊರೇಡಿಯನ್ ಸಂಸ್ಥೆ ಕೆಲವೇ ದಿನಗಳಲ್ಲಿ ಉಚಿತ ಫಾಂಟೊಂದನ್ನು ಕೊಟ್ಟು ತುರ್ತಿನ ಅಗತ್ಯವನ್ನು ಪೂರೈಸಿತು. ಅದರಲ್ಲಿ ಬೇರೊಂದು ಚಿಹ್ನೆಯ ಕೀಲಿಯ ಮೇಲೆ ರೂಪಾಯಿಯನ್ನು ಕೂರಿಸಲಾಗಿತ್ತು. ಫಾಂಟು ಇಲ್ಲದವರಿಗೆ ರೂಪಾಯಿಯ ಬದಲು ಒಂದು ಓರೆಗೆರೆ ಕಾಣುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ಆವೃತ್ತಿಯಲ್ಲಿ ಸ್ಥಾನ ದೊರೆತ ಮೇಲೆ ಸಮಸ್ಯೆ ಬಗೆಹರಿಯಿತು.

ಪರೀಕ್ಷೆ ಸುಲಭ. ನಿಮ್ಮ ವೆಬ್‌ಸೈಟಿನ ಒಂದು ಕನ್ನಡ ವಾಕ್ಯವನ್ನು ನಕಲು ಮಾಡಿ ವಾಟ್ಸಾಪ್ ಸಂದೇಶದಲ್ಲಿ ಅಂಟಿಸಿರಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾಹಿತಿಯನ್ನು ಸಂಗ್ರಹಿಸುವ ಡೇಟಾಬೇಸಿನಲ್ಲಿ ದೋಷವಿರುವ ಸಂಭವ ಹೆಚ್ಚು. ಬಹುಬಳಕೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರ 8.0 ಆವೃತ್ತಿಯಿಂದೀಚೆಗಷ್ಟೇ ಯೂನಿಕೋಡನ್ನು ಪೂರ್ವನಿಯೋಜಿತವಾಗಿ ಇಟ್ಟುಕೊಂಡಿದೆ. ಅದಕ್ಕೂ ಹಿಂದಿನವುಗಳಲ್ಲಿ ಡೆವಲಪರ್ ಅದನ್ನು ಬೇರೆಯಾಗಿ ಸೂಚಿಸಬೇಕು.

2. ಕೋಡಿನ ಶಿಸ್ತು

ಆ ಇಬ್ಬರು ಡೆವಲಪರ್‌ಗಳು ನಮ್ಮೆದುರೇ ಬಹಳ ಹೊತ್ತು ವಾದಿಸಿದರು. ಸಾಲಿನ ಆರಂಭದಲ್ಲಿ ನಾಲ್ಕು ಖಾಲಿ ಸ್ಥಳ ಬಿಡಬೇಕೆಂದು ಒಬ್ಬರು, ಟ್ಯಾಬ್ ಕೀಲಿ ಒತ್ತಬೇಕೆಂದು ಇನ್ನೊಬ್ಬರು. ಮಾಲೀಕರು ನಕ್ಕರು. ನನಗೆ ನಗು ಬರಲಿಲ್ಲ. ಒಂದೇ ವೆಚ್ಚವನ್ನು ಒಂದು ತಿಂಗಳು 'ಸಾಗಾಣಿಕೆ' ಎಂದೂ ಮರುತಿಂಗಳು 'ಲಾರಿ ಬಾಡಿಗೆ' ಎಂದೂ ಬರೆದ ಖಾತೆಗಳನ್ನು ತಾಳೆ ನೋಡಿ ಸೋತವನು ನಾನು.

ಎರಡೂ ಪದ್ಧತಿಗಳಿಗೆ ಆಧಾರವಿದೆ. ಪಿಎಚ್‌ಪಿ ಭಾಷೆಗೆ ಪಿಎಸ್‌ಆರ್-12 ಎಂಬ ಮಾನಕ 2019ರಲ್ಲಿ ಅಂಗೀಕಾರವಾಯಿತು. ಅದು ನಾಲ್ಕು ಸ್ಥಳ ಎನ್ನುತ್ತದೆ. ವರ್ಡ್‌ಪ್ರೆಸ್ ತನ್ನ ನಿಯಮಾವಳಿಯಲ್ಲಿ ಟ್ಯಾಬ್ ಎನ್ನುತ್ತದೆ. ಪೈಥಾನ್ ಭಾಷೆಗೆ 2001ರಿಂದಲೇ ಪೆಪ್-8 ಎಂಬ ಮಾರ್ಗಸೂಚಿ ಇದೆ. ಮಾಲೀಕರಾದ ನಾವು ಈ ವಾದದಲ್ಲಿ ಪಕ್ಷ ವಹಿಸಬೇಕಾಗಿಲ್ಲ. ಯಾವುದಾದರೊಂದು ಪ್ರಕಟಿತ ಮಾನಕವನ್ನು ಹೆಸರಿಸಿ, ಕೊನೆಯವರೆಗೆ ಅದನ್ನೇ ಪಾಲಿಸಬೇಕೆಂದು ಬರವಣಿಗೆಯಲ್ಲಿ ಕೇಳಿದರೆ ಸಾಕು. ಪಾಲನೆಯಾಗಿದೆಯೇ ಎಂದು ಪರೀಕ್ಷಿಸುವ ತಂತ್ರಾಂಶಗಳೇ ಇವೆ. ಜೊತೆಗೆ, ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂದು ದಾಖಲಿಸುವ ಗಿಟ್ ಎಂಬ ವ್ಯವಸ್ಥೆಯಲ್ಲಿ ಕೋಡನ್ನು ಇಡಲು ಹೇಳಬೇಕು. ಅದು ಕೋಡಿನ ರೋಜುಕೀರ್ದಿ. ರೋಜುಕೀರ್ದಿ ಇಲ್ಲದ ಅಂಗಡಿಯನ್ನು ನಾವು ಹೇಗೆ ಕೊಳ್ಳುವುದಿಲ್ಲವೋ, ಹಾಗೆಯೇ ಅದಿಲ್ಲದ ವೆಬ್‌ಸೈಟನ್ನು ಸ್ವೀಕರಿಸಬಾರದು.

3. ಎಡಿಟರ್‌ನ ಆಯ್ಕೆ

ವೆಬ್‌ಸೈಟಿಗೆ ವಿಷಯ ಸೇರಿಸಲು ಗುಮಾಸ್ತರು ತೆರೆಯುವ, ದಪ್ಪಕ್ಷರ, ಪಟ್ಟಿ, ಕೋಷ್ಟಕ ಮುಂತಾದ ಗುಂಡಿಗಳಿರುವ ಚೌಕಕ್ಕೆ ರಿಚ್ ಟೆಕ್ಸ್ಟ್ ಎಡಿಟರ್ ಎನ್ನುತ್ತಾರೆ. ಮೇಲೆ ನೋಡಲು ಅದು ವರ್ಡ್ ತಂತ್ರಾಂಶದಂತಿದ್ದರೂ ಒಳಗೆ ಬರೆಯುವುದು ಎಚ್‌ಟಿಎಂಎಲ್ ಎಂಬ ಪುಟರಚನೆಯ ಸಂಕೇತವನ್ನು. ಆಯ್ಕೆಯ ವೇಳೆ ಗಮನಿಸಬೇಕಾದವು ನಾಲ್ಕು.

ಮೊದಲನೆಯದು, ಅಂಟಿಸುವಾಗ ಶುದ್ಧಗೊಳಿಸುವ ಗುಣ. ವರ್ಡ್‌ನಿಂದ ನಕಲು ಮಾಡಿದಾಗ ಫಾಂಟಿನ ಹೆಸರು, ಅಳತೆ ಮುಂತಾದ ಕಾಣದ ಸಾಮಗ್ರಿ ಬೆನ್ನಿಗೇ ಬರುತ್ತದೆ. ಮೇಲ್ಕಂಡ ಸಂಸ್ಥೆಯ ಎಡಿಟರ್ ನುಡಿ ಫಾಂಟಿನ ಹೆಸರನ್ನೂ ಸೇರಿಸಿ ಉಳಿಸಿತು. ಫಾಂಟು ಇದ್ದ ಕಚೇರಿಯಲ್ಲಿ ಸರಿಯಾಗಿ ಕಂಡು, ದೇವದುರ್ಗದಲ್ಲಿ ಕೆಟ್ಟದ್ದು ಇದರಿಂದ. ಫಾಂಟು ಮತ್ತು ಬಣ್ಣದ ಗುಂಡಿಗಳನ್ನು ತೆಗೆಸಿ, ಶೀರ್ಷಿಕೆ, ಪಟ್ಟಿ, ಕೊಂಡಿ ಇವಿಷ್ಟನ್ನೇ ಉಳಿಸಿಕೊಳ್ಳುವುದು ಲೇಸು.

ಎರಡನೆಯದು, ಸುರಕ್ಷತೆ. 2005ರ ಅಕ್ಟೋಬರಿನಲ್ಲಿ ಅಮೆರಿಕದ ಮೈಸ್ಪೇಸ್ ತಾಣದಲ್ಲಿ ಬಳಕೆದಾರರು ತಮ್ಮ ಪುಟಕ್ಕೆ ಹಾಕಬಹುದಾಗಿದ್ದ ಎಚ್‌ಟಿಎಂಎಲ್‌ನ ಮೂಲಕ ಒಳಸೇರಿದ ಒಂದು ತುಣುಕು ಕೋಡ್, 20 ಗಂಟೆಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹರಡಿತು. ಎಡಿಟರ್‌ನಲ್ಲಿ ಬರೆದುದನ್ನು ಸರ್ವರ್‌ನಲ್ಲಿ ಮತ್ತೊಮ್ಮೆ ಸೋಸಿಯೇ ಉಳಿಸಬೇಕು. ಕೇವಲ ಎಡಿಟರ್ ಸೋಸುತ್ತದೆಂದು ನಂಬುವಂತಿಲ್ಲ.

ಮೂರನೆಯದು, ಆಯುಷ್ಯ ಮತ್ತು ಪರವಾನಗಿ. 2003ರಲ್ಲಿ ಎಫ್‌ಸಿಕೆ ಎಡಿಟರ್ ಎಂದು ಆರಂಭವಾದುದು 2009ರಲ್ಲಿ ಸಿಕೆ ಎಡಿಟರ್ ಆಯಿತು. ಅದರ 4ನೆಯ ಆವೃತ್ತಿಗೆ ಉಚಿತ ಬೆಂಬಲ 2023ರಲ್ಲಿ ಕೊನೆಗೊಂಡಿತು. 2004ರಿಂದ ಇರುವ ಟೈನಿ ಎಂಸಿಇ 2024ರ 7ನೆಯ ಆವೃತ್ತಿಯಲ್ಲಿ ತನ್ನ ಪರವಾನಗಿಯನ್ನು ಬದಲಿಸಿತು. ಕ್ವಿಲ್ ಎಂಬುದು ಹೆಚ್ಚು ನಿರ್ಬಂಧಗಳಿಲ್ಲದ ಬಿಎಸ್‌ಡಿ ಪರವಾನಗಿಯಲ್ಲಿದೆ. 'ಉಚಿತ' ಎಂಬ ಮಾತಿನ ಹಿಂದೆ ಯಾವ ಷರತ್ತಿದೆ, ಎಷ್ಟು ಕಾಲ ತಿದ್ದುಪಡಿಗಳು ಬರುತ್ತವೆ ಎಂದು ಕೇಳಿ ತಿಳಿಯತಕ್ಕದ್ದು.

ನಾಲ್ಕನೆಯದು ಮುಖ್ಯವಾದುದು: ದರವನ್ನು ಎಡಿಟರ್‌ನಲ್ಲಿ ಬರೆಯಲೇಬಾರದು. ರೋಜುಕೀರ್ದಿಯಲ್ಲಿ ವಿವರಣೆಗೆ ಒಂದು ಕಲಮು, ಮೊತ್ತಕ್ಕೆ ಇನ್ನೊಂದು ಕಲಮು ಇರುತ್ತದೆ. ಮೊತ್ತವನ್ನು ವಿವರಣೆಯೊಳಗೆ ಬರೆದರೆ ಕೂಡಿಸಲಾಗದು. ಎಡಿಟರ್ ವಿವರಣೆಯ ಕಲಮು. ಸರಕಿನ ಹೆಸರು, ಎಚ್‌ಎಸ್‌ಎನ್ ಸಂಖ್ಯೆ, ದರ, ಜಾರಿಯ ದಿನಾಂಕ ಇವುಗಳಿಗೆ ಪ್ರತ್ಯೇಕ ಅಂಕಣಗಳಿರಬೇಕು. ಇ-ಇನ್‌ವಾಯ್ಸ್ ಮಾಡುವವರು ಇದನ್ನು ಬಲ್ಲರು: ಅಲ್ಲಿ ಪ್ರತಿಯೊಂದು ಮಾಹಿತಿಗೂ ನಿಗದಿತ ಸ್ಥಾನವಿರುವುದರಿಂದಲೇ ಯಾವ ತಂತ್ರಾಂಶದ ಬಿಲ್ಲಾದರೂ ಒಪ್ಪಿಗೆಯಾಗುತ್ತದೆ.

4. ಒಪ್ಪಂದ ಮತ್ತು ಲೆಕ್ಕ

ಹಣ ಕೊಟ್ಟವರೇ ಕೋಡಿನ ಒಡೆಯರೆಂಬುದು ನಮ್ಮಲ್ಲಿ ಸಾಮಾನ್ಯ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದುದು ಬೇರೆ ಕರಾರಿಲ್ಲದಿದ್ದರೆ ಮಾಲೀಕರದು. ಹೊರಗಿನ ಡೆವಲಪರ್ ಗುತ್ತಿಗೆಯ ಮೇಲೆ ಬರೆದುದರ ಮೊದಲ ಒಡೆತನ ಸಾಮಾನ್ಯವಾಗಿ ಬರೆದವರದೇ. ಅದು ನಿಮಗೆ ಬರಬೇಕಾದರೆ 19ನೆಯ ಕಲಮಿನಂತೆ ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ಡೊಮೇನ್ ಹೆಸರು ಮತ್ತು ಸರ್ವರ್ ಖಾತೆ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ. ಕೊನೆಯ ಕಂತಿನ ಹಣವನ್ನು ಗಿಟ್ ದಾಖಲೆಯೊಡನೆ ಕೋಡ್, ಗುಪ್ತಪದಗಳು ಮತ್ತು ಮೇಲೆ ಹೇಳಿದ ಪರೀಕ್ಷೆಗಳ ಫಲಿತಾಂಶ ಕೈಸೇರಿದ ಮೇಲೆ ಕೊಡುವುದು ಕ್ಷೇಮ.

ಈಗ ಮಾಲೀಕರ ಪ್ರಶ್ನೆಗೆ ಬರೋಣ. ಲೆಕ್ಕಪತ್ರ ಮಾನಕ 26ರ ಪ್ರಕಾರ ಅಮೂರ್ತ ಆಸ್ತಿಯೆನಿಸಲು ಅದರ ಮೇಲೆ ಸಂಸ್ಥೆಗೆ ಹಿಡಿತವಿರಬೇಕು, ಮುಂದಿನ ವರ್ಷಗಳಲ್ಲಿ ಲಾಭ ಬರುವಂತಿರಬೇಕು. ಕೇವಲ ಪ್ರಚಾರಕ್ಕೆ ಮಾಡಿದ ವೆಚ್ಚ, ಹಳೆಯದನ್ನು ಯಥಾಸ್ಥಿತಿಗೆ ತರುವ ದುರಸ್ತಿ, ಇವು ಆಯಾ ವರ್ಷದ ಖರ್ಚೇ ಸರಿ. ಆ ಸಂಸ್ಥೆಯ ಹಳೆಯ ವೆಬ್‌ಸೈಟಿಗೆ ಲಿಖಿತ ವರ್ಗಾವಣೆ ಇರಲಿಲ್ಲ, ಕೋಡಿನ ಪ್ರತಿಯೂ ಇರಲಿಲ್ಲ. ಹಿಡಿತವೇ ಇಲ್ಲದುದನ್ನು ಆಸ್ತಿಯೆಂದು ಪಟ್ಟಿಯಲ್ಲಿ ತೋರಿಸಿದ್ದು ತಪ್ಪಾಗಿತ್ತು. ಅದನ್ನು ವಜಾ ಮಾಡಿಸಿದೆ. ಹೊಸ ವೆಬ್‌ಸೈಟಿಗೆ ಲಿಖಿತ ಕರಾರಾಯಿತು, ದರಗಳಿಗೆ ಪ್ರತ್ಯೇಕ ಅಂಕಣಗಳಾದವು, ವಿತರಕರ ಆದೇಶಗಳೂ ಅದರಲ್ಲಿಯೇ ಬರತೊಡಗಿದವು. ಅದು ಆಸ್ತಿಯ ಪಟ್ಟಿಗೆ ಸೇರಿತು. ಆದಾಯ ತೆರಿಗೆಯ ಲೆಕ್ಕ ಇದಕ್ಕಿಂತ ಭಿನ್ನವಾಗಿರಬಹುದಾದ್ದರಿಂದ ಅದನ್ನು ತಮ್ಮ ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಯುಕ್ತ.

ದೇವದುರ್ಗದ ವಿತರಕರ ವ್ಯತ್ಯಾಸದ ಹಣವನ್ನು ಸಂಸ್ಥೆಯೇ ಭರಿಸಿತು. ಓದಲಾಗದ ದರಪಟ್ಟಿ ತಲುಪಿದ ದರಪಟ್ಟಿಯಲ್ಲ ಎಂಬ ಅವರ ವಾದಕ್ಕೆ ಉತ್ತರವಿರಲಿಲ್ಲ. ವರ್ತಕ ಬಾಂಧವರು ಇಂದೇ ತಮ್ಮ ವೆಬ್‌ಸೈಟಿನ ಒಂದು ಕನ್ನಡ ಸಾಲನ್ನು ಬೇರೊಬ್ಬರ ಮೊಬೈಲಿಗೆ ಕಳುಹಿಸಿ ನೋಡುವರೆಂದು ಆಶಿಸುತ್ತೇನೆ.