ದವಾಖಾನೆಯಿಂದ ಮನೆಗೆ ಬಂದ ಮೇಲೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಸಂಧಿವಾತ, ಮೂತ್ರಪಿಂಡದ ತೊಂದರೆ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಜೊತೆಗಿರುತ್ತವೆ. ಇಂಥ ಕಾಯಿಲೆಗಳ ಚಿಕಿತ್ಸೆಯ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವುದು, ಉಪ್ಪು ಕಡಿಮೆ ಮಾಡುವುದು, ಯಾವಾಗ ದವಾಖಾನೆಗೆ ಓಡಬೇಕೆಂದು ಗುರುತಿಸುವುದು ಎಲ್ಲವೂ ರೋಗಿಯ ಪಾಲಿನ ಕೆಲಸ. ಆ ಕೆಲಸಕ್ಕೆ ಬೇಕಾದ ತಿಳಿವಳಿಕೆ ಕೊಟ್ಟು, ಚಿಕಿತ್ಸೆಯ ತೀರ್ಮಾನದಲ್ಲಿ ರೋಗಿಯ ಮಾತಿಗೂ ಜಾಗ ಕೊಡುವುದೇ ರೋಗಿಯ ಸಹಭಾಗಿತ್ವ.

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ, ಹುಮನಾಬಾದ್ ಮತ್ತು ಜಹೀರಾಬಾದ್ ನಡುವೆ ರಾಷ್ಟ್ರೀಯ ಹೆದ್ದಾರಿ 65ರ ಮೇಲಿರುವ ಊರು. ಈ ಭಾಗದ ಜನ ದೊಡ್ಡ ಕಾಯಿಲೆಗೆ ಬೀದರ್, ಹೈದರಾಬಾದ್, ಸೊಲ್ಲಾಪುರಗಳಿಗೆ ಹೋಗುತ್ತಾರೆ. ಮನೆಮಾತು ಕನ್ನಡ, ದಖನಿ, ಮರಾಠಿ ಅಥವಾ ತೆಲುಗು. ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಒಂದೇ ಔಷಧವನ್ನು ಇಬ್ಬರು ವೈದ್ಯರು ಬೇರೆ ಬೇರೆ ಕಂಪನಿಯ ಹೆಸರಲ್ಲಿ ಬರೆದಿದ್ದರೆ ರೋಗಿ ಎರಡನ್ನೂ ನುಂಗುವ ಅಪಾಯ ಇದೆ. ಅದಕ್ಕೇ ಪ್ರತಿ ಭೇಟಿಗೂ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ಓದು ಬಾರದವರಿಗೆ ಲಕೋಟೆಯ ಮೇಲೆ ಸೂರ್ಯ, ಚಂದ್ರ ಬಿಡಿಸಿ ಕೊಟ್ಟರೆ ಮುಂಜಾನೆಯ ಗುಳಿಗೆ ಯಾವುದು, ರಾತ್ರಿಯದು ಯಾವುದು ಎಂಬ ಗೊಂದಲ ಉಳಿಯುವುದಿಲ್ಲ.

ಗುಳಿಗೆ ಬಿಡುವುದಕ್ಕೆ ಕಾರಣ ಬರೀ ಅಜ್ಞಾನವಲ್ಲ. ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ರಕ್ತದೊತ್ತಡಕ್ಕೆ ಕೊಡುವ ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವ ಒಂದು ಬಗೆಯಿದೆ. ಮುಂಜಾನೆ ಅದನ್ನು ನುಂಗಿ ಕೂಲಿಗೋ ಬಸ್ಸಿಗೋ ಹೊರಟ ಹೆಣ್ಣುಮಗಳಿಗೆ ದಾರಿಯಲ್ಲಿ ಶೌಚಾಲಯ ಸಿಗದು. ಆಕೆ ಕೆಲಸವಿದ್ದ ದಿನ ಗುಳಿಗೆ ಬಿಡುತ್ತಾಳೆ, ಹೇಳಲು ನಾಚುತ್ತಾಳೆ. ಬಿಪಿ ಇಳಿಯಲಿಲ್ಲವೆಂದು ವೈದ್ಯರು ಇನ್ನೊಂದು ಗುಳಿಗೆ ಸೇರಿಸುತ್ತಾರೆ. ‘ಯಾವ ದಿನ ತಪ್ಪುತ್ತದೆ, ಯಾಕೆ?’ ಎಂದು ಬೈಯದೆ ಕೇಳಿದ್ದರೆ ಹೊತ್ತು ಬದಲಿಸಿಯೋ ಬೇರೆ ಔಷಧ ಕೊಟ್ಟೋ ದಾರಿ ತೆಗೆಯಬಹುದಿತ್ತು.

ಊಟದ ಸಲಹೆಯೂ ಹಾಗೆಯೇ. ಓಟ್ಸ್ ತಿನ್ನಿ ಎಂಬ ಚೀಟಿ ಜೋಳದ ರೊಟ್ಟಿ, ತೊಗರಿ ಬೇಳೆಯ ಮನೆಯಲ್ಲಿ ಗೂಟಕ್ಕೆ ತೂಗಿ ಉಳಿಯುತ್ತದೆ. ಜೋಳದಲ್ಲಿ ನಾರಿನಂಶವಿದೆ, ನಿಜ. ಪಿಷ್ಟವೂ ಇರುವುದರಿಂದ ರೊಟ್ಟಿಗೂ ಲೆಕ್ಕ ಬೇಕು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಉಣ್ಣುವ ಕಾಳು-ಸೊಪ್ಪಿನ ಭಜ್ಜಿ ಒಳ್ಳೆಯ ಆಹಾರವೇ. ಎಣಿಸಿ ತಿನ್ನಬೇಕಾದುದು ಹೋಳಿಗೆಯನ್ನು. ರಂಜಾನ್ ಉಪವಾಸ ಹಿಡಿಯುವವರು ಗುಳಿಗೆ, ಇನ್ಸುಲಿನ್‌ಗಳ ಹೊತ್ತನ್ನು ತಿಂಗಳು ಹುಟ್ಟುವ ಮೊದಲೇ ವೈದ್ಯರೊಂದಿಗೆ ನಿಗದಿ ಮಾಡಿಕೊಳ್ಳಬೇಕು.

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಹಾಳಾಗಿ ಸ್ಪರ್ಶ ಹೋಗಬಹುದು. ತೊಗರಿ ಕೊಯ್ದ ಹೊಲದ ಕೂಳೆ ಮೊಳೆಯಷ್ಟೇ ಚೂಪು. ಅದು ಅಂಗಾಲಿಗೆ ಚುಚ್ಚಿದರೂ ನೋವಾಗದು. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದಾಗಲೇ ತಿಳಿಯುವುದು. ದಿನವೂ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳುವುದು, ಕಣ್ಣು ಮಂಜಾಗಿದ್ದರೆ ಮನೆಯವರಿಂದ ನೋಡಿಸುವುದು, ಹೊಲಕ್ಕೆ ಮುಚ್ಚಿದ ಚಪ್ಪಲಿ ಹಾಕುವುದು ಎಷ್ಟೋ ಕಾಲುಗಳನ್ನು ಉಳಿಸುತ್ತವೆ.

ಚಿಕಿತ್ಸೆ ಫಲಿಸಿತೇ ಎಂಬುದನ್ನು ರಕ್ತದ ವರದಿಯೊಂದೇ ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟ ಅಳೆಯಲು 26 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದೆ. ದೇಹ, ಮನಸ್ಸು, ಸಂಬಂಧಗಳು, ಸುತ್ತಲಿನ ಪರಿಸರ ಎಂಬ 4 ವಿಭಾಗಗಳಲ್ಲಿ ನಿದ್ದೆ, ಕೆಲಸದ ಶಕ್ತಿ, ಹಣ, ಓಡಾಟದ ಅನುಕೂಲಗಳನ್ನು ಅದು ಕೇಳುತ್ತದೆ. ಉದಾಹರಣೆಗೆ, ಮೂತ್ರಪಿಂಡ ಕೆಟ್ಟವರಿಗೆ ಮಾಡುವ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ. ಪ್ರಯಾಣ ಸೇರಿದರೆ ದಿನವೇ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಈ ಸೌಲಭ್ಯ ತಾಲ್ಲೂಕಿನಲ್ಲೇ ಸಿಗುವುದಕ್ಕೂ ನೂರು ಕಿಲೋಮೀಟರ್ ಆಚೆ ಸಿಗುವುದಕ್ಕೂ ಇರುವ ಅಂತರ ರಕ್ತಪರೀಕ್ಷೆಯಲ್ಲಿ ಕಾಣದಿದ್ದರೂ ಬದುಕಿನಲ್ಲಿ ದೊಡ್ಡದು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. ಮನೆಬಾಗಿಲಲ್ಲೇ ತಪಾಸಣೆ ಮಾಡುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಯಿತು. ಆದರೆ ಕಾಯಿಲೆ ಪತ್ತೆಯಾದ ಮೇಲಿನ ವರ್ಷಗಳೇ ಕಷ್ಟದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ಇದಕ್ಕೆಂದೇ 6 ವಾರಗಳ ತರಬೇತಿ ರೂಪಿಸಿದರು. ಅದನ್ನು ನಡೆಸುವವರಲ್ಲಿ ಅದೇ ಬಗೆಯ ಕಾಯಿಲೆಯೊಂದಿಗೆ ಬದುಕುತ್ತಿರುವ ಸಾಮಾನ್ಯ ಜನ ಇರುತ್ತಾರೆ. ವಾರಕ್ಕೊಮ್ಮೆ ಸೇರುವ ಸ್ವಸಹಾಯ ಸಂಘಗಳಿರುವ ನಮ್ಮ ಹಳ್ಳಿಗಳಿಗೆ ಇದು ಹೊಂದುವ ಮಾದರಿ.

ಸಹಭಾಗಿತ್ವದ ಹೆಸರಲ್ಲಿ ಎಲ್ಲ ಹೊರೆಯನ್ನೂ ರೋಗಿಯ ಹೆಗಲಿಗೆ ಹಾಕಬಾರದು. ಕೂಲಿಯವರಿಗೆ ದವಾಖಾನೆಯ ಒಂದು ಸುತ್ತು ಒಂದು ದಿನದ ಗಳಿಕೆ. ಒಮ್ಮೆ ಬಂದವರಿಗೆ ಕನಿಷ್ಠ 30 ದಿನದ ಔಷಧ ಒಟ್ಟಿಗೆ, ಮನೆಗೆ ಹತ್ತಿರವೇ ಸಿಗಬೇಕು.